ಇಟಲಿಯ ಇಟ್ರಿಯಾ ಕಣಿವೆ: ಗಾಲಿಕುರ್ಚಿ, ಸಸ್ಯಾಹಾರ, ಹಳ್ಳಿವಾಸ. ದುಡ್ಡು ಆ ಊರಿಗೇ ಸೇರೋ ಹಾಗೆ ಪ್ಲಾನ್ ಮಾಡೋದು ಹೇಗೆ?

ಬಯಲುಸೀಮೆ_ಬಸ್ಸು ಕೇಳಿದ ಪ್ರಶ್ನೆ

ಅಕ್ಟೋಬರ್ ಎರಡನೇ ವಾರ ದಕ್ಷಿಣ ಇಟಲಿಯ ಪುಲಿಯಾಕ್ಕೆ ಹೊರಟಿದ್ದೇವೆ, ಒಟ್ಟು ಎಂಟು ಜನ. ಅದರಲ್ಲಿ ಒಬ್ಬರು ಕೈಯಿಂದ ತಳ್ಳುವ ಗಾಲಿಕುರ್ಚಿಯಲ್ಲಿ ಇರುವವರು (ಕುರ್ಚಿಯ ಹೊರ ಅಗಲ 64 ಸೆಂ.ಮೀ.), ಇಬ್ಬರು ಹಿರಿಯರು, ಇಬ್ಬರು ಮಕ್ಕಳು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತದೆ, ಮೀನು ನಡೆಯಲ್ಲ. ಇಟ್ರಿಯಾ ಕಣಿವೆಯಲ್ಲಿ, ಅಂದರೆ ಅಲ್ಬೆರೊಬೆಲ್ಲೊ, ಲೊಕೊರೊಟೊಂಡೊ, ಚಿಸ್ಟೆರ್ನಿನೊ, ಮಾರ್ಟಿನಾ ಫ್ರಾಂಕಾ, ಒಸ್ತೂನಿ ಸುತ್ತಮುತ್ತ, ಒಂದೇ ಕಡೆ ಏಳು ರಾತ್ರಿ ತಂಗುವ ಯೋಚನೆ.

ನನ್ನ ಗೊಂದಲಗಳು: (1) ಜಾಹೀರಾತಿನಲ್ಲಿ ಎಲ್ಲವೂ "ಮಸ್ಸೆರಿಯಾ", ಎಲ್ಲವೂ "ಸುಸ್ಥಿರ". ನಿಜವಾಗಿ ಬೇಸಾಯ ಮಾಡುವವರ ಮನೆ ಯಾವುದು ಅಂತ ಇಲ್ಲಿಂದಲೇ ಪತ್ತೆ ಮಾಡೋದು ಹೇಗೆ? (2) ಆ ಶಂಕುವಿನಾಕಾರದ ಟ್ರುಲ್ಲೊ ಮನೆಯೊಳಗೆ ಗಾಲಿಕುರ್ಚಿ ಹೋಗುತ್ತಾ? (3) ಊಟ? (4) ರೈಲು ಸಾಕಾ, ಕಾರು ಬೇಕಾ? (5) ಅಲ್ಬೆರೊಬೆಲ್ಲೊ ಜನಜಂಗುಳಿ ಅಂತಾರೆ, ಬಿಟ್ಟುಬಿಡೋದೇ ಒಳ್ಳೇದಾ?

"ಸುಂದರವಾಗಿದೆ, ಹೋಗಿ ಬನ್ನಿ" ಅನ್ನುವ ಉತ್ತರ ಬೇಡ. ಅಳತೆ, ನಿಯಮ, ಎಡವಟ್ಟು ಆಗುವ ಜಾಗ ಹೇಳಿ.

---

ಸುಣ್ಣದ_ಗೋಡೆ

ಮೊದಲನೇ ಪ್ರಶ್ನೆಗೆ. ಮಸ್ಸೆರಿಯಾ ಅನ್ನೋದು ಒಂದು ಬಗೆಯ ಕಟ್ಟಡ, ಲೈಸೆನ್ಸ್ ಅಲ್ಲ. ಹೆಚ್ಚಿನವು 16ರಿಂದ 18ನೇ ಶತಮಾನದ ನಡುವೆ ಕಟ್ಟಿದ ಕೋಟೆಯಂಥ ತೋಟದ ಮನೆಗಳು: ನಡುವೆ ಅಂಗಳ, ಸುತ್ತ ಕೊಟ್ಟಿಗೆ, ನೆಲದಡಿ ಎಣ್ಣೆ ಗಾಣ, ಮೇಲೆ ಒಡೆಯನ ಮನೆ. ಇವತ್ತು ಅದೇ ಹೆಸರಿನಡಿ ಗಾಲ್ಫ್ ಮೈದಾನ ಇರುವ ಐಷಾರಾಮಿ ಹೋಟೆಲೂ ಇದೆ, ಮದುವೆ ಹಾಲೂ ಇದೆ, ನಲವತ್ತು ಹಸು ಕಟ್ಟಿಕೊಂಡು ಚೀಸ್ ಮಾಡುವ ಮನೆಯೂ ಇದೆ.

ನೀವು ಹುಡುಕಬೇಕಾದ್ದು "ಅಗ್ರಿತುರಿಸ್ಮೊ" (ರೈತರ ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವುದು) ಪರವಾನಗಿ. 2006ರ 96ನೇ ಕಾನೂನಿನ ಪ್ರಕಾರ ಅದು ರೈತನಿಗೆ ಮಾತ್ರ ಸಿಗುತ್ತದೆ, ಅತಿಥಿ ಸತ್ಕಾರ ಬೇಸಾಯದ ಜೊತೆಗೆ ನಡೆಯಬೇಕೇ ಹೊರತು ಬೇಸಾಯವನ್ನು ಮೀರುವಂತಿಲ್ಲ. ಇದನ್ನು ಅಳೆಯುವಾಗ ಮುಖ್ಯವಾಗಿ ನೋಡುವುದು ದುಡಿಮೆಯ ಸಮಯ: ಹೊಲಕ್ಕೆಷ್ಟು, ಅತಿಥಿಗೆಷ್ಟು ಅಂತ. ಅತಿಥಿಗಳು ಹತ್ತು ಜನ ಮೀರದಿದ್ದರೆ ಬೇಸಾಯವೇ ಮುಖ್ಯ ಅಂತ ಕಾನೂನೇ ಒಪ್ಪಿಕೊಳ್ಳುತ್ತದೆ. ಹೀಗಾಗಿ ಎಂಟು ಜನರ ನಿಮ್ಮ ಗುಂಪು ಸಣ್ಣ ರೈತರ ಮನೆಗೆ ಹೇಳಿ ಮಾಡಿಸಿದ ಗಾತ್ರ, ಇಡೀ ಮನೆ ನಿಮ್ಮದೇ ಆಗುತ್ತದೆ. ಬಡಿಸುವ ಊಟದಲ್ಲೂ ಸ್ವಂತ ಹೊಲದ ಮತ್ತು ಆ ಸೀಮೆಯ ಪದಾರ್ಥಕ್ಕೆ ದೊಡ್ಡ ಪಾಲು ಇರಬೇಕು.

ಎರಡನೇ ಗುರುತು ಸಿ.ಐ.ಎನ್. ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ. 2025ರ ಜನವರಿಯಿಂದ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಯೂ ಇದನ್ನು ಹೊರಬಾಗಿಲ ಬಳಿಯೂ ಜಾಹೀರಾತಿನಲ್ಲೂ ಹಾಕಲೇಬೇಕು. ಜಾಹೀರಾತಿನಲ್ಲಿ ಸಂಖ್ಯೆ ಇಲ್ಲ ಅಂದರೆ ಮುಂದಿನ ಮನೆ ನೋಡಿ. ಸೂರ್ಯಕಾಂತಿ ಹೂವಿನ ಗುರುತು (ಒಂದರಿಂದ ಐದು) ಕೂಡ ಅಗ್ರಿತುರಿಸ್ಮೊಗಳದ್ದೇ, ಆದರೆ ಅದು ಸೌಕರ್ಯದ ದರ್ಜೆ. ಎರಡು ಹೂವಿನ ಮನೆಯಲ್ಲಿ ಐದು ಹೂವಿನ ಮನೆಗಿಂತ ಹೆಚ್ಚು ಬೇಸಾಯ ಇರಬಹುದು.

ಇಷ್ಟಾದ ಮೇಲೆ ಇಮೇಲಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಹೆಕ್ಟೇರ್, ಏನು ಬೆಳೆ? ಅಕ್ಟೋಬರ್‌ನಲ್ಲಿ ಹೊಲದಲ್ಲಿ ಯಾವ ಕೆಲಸ ನಡೆದಿರುತ್ತೆ? ಮೇಜಿನ ಮೇಲೆ ಬರುವುದರಲ್ಲಿ ನಿಮ್ಮದೇ ಯಾವುದು, ಪಕ್ಕದವರದು ಯಾವುದು? ಎಣ್ಣೆ ಎಲ್ಲಿ ತೆಗೆಸುತ್ತೀರಿ? ಬೇಸಾಯ ಮಾಡುವವರು ಇದಕ್ಕೆ ಎರಡು ಸಾಲಿನಲ್ಲಿ ನಿಖರ ಉತ್ತರ ಕೊಡ್ತಾರೆ. "ಅಧಿಕೃತ ಅನುಭವ", "ನಿಸರ್ಗದ ಮಡಿಲು" ಅಂತ ಶುರುವಾದರೆ ಬರೆದದ್ದು ಏಜೆನ್ಸಿ ಅಂತ ತಿಳ್ಕೊಳ್ಳಿ.

ಊರೊಳಗೇ ಇರಬೇಕು ಅನ್ನಿಸಿದರೆ "ಅಲ್ಬೆರ್ಗೊ ದಿಫ್ಫೂಸೊ" ಪದ್ಧತಿ ನೋಡಿ. 1976ರ ಫ್ರಿಯುಲಿ ಭೂಕಂಪದ ನಂತರ ಖಾಲಿ ಬಿದ್ದ ಕಾರ್ನಿಯಾ ಬೆಟ್ಟದ ಮನೆಗಳನ್ನು ಮತ್ತೆ ಬಳಕೆಗೆ ತರುವ ಯೋಚನೆಯಿಂದ ಹುಟ್ಟಿದ್ದು ಇದು. ಜಾನ್‌ಕಾರ್ಲೊ ದಾಲ್ಲಾರಾ ಇದಕ್ಕೆ ಚೌಕಟ್ಟು ಕೊಟ್ಟರು, ಮೊದಲ ಪ್ರಾದೇಶಿಕ ಕಾನೂನು ಸಾರ್ಡೀನಿಯಾದ್ದು, 1998ರಲ್ಲಿ. ಸ್ವಾಗತ ಮತ್ತು ತಿಂಡಿ ಒಂದು ಮನೆಯಲ್ಲಿ, ಕೋಣೆಗಳು ಊರಿನ ಬೇರೆ ಬೇರೆ ಮನೆಗಳಲ್ಲಿ, ಸುಮಾರು 200 ಮೀಟರ್ ಅಳತೆಯೊಳಗೆ, ಎಲ್ಲಕ್ಕೂ ಒಬ್ಬರದೇ ನಿರ್ವಹಣೆ, ಊರಲ್ಲಿ ಜನವಾಸ ಇರಲೇಬೇಕು. ಬಿಡಿಬಿಡಿ ಬಾಡಿಗೆ ಮನೆಗೂ ಇದಕ್ಕೂ ಇರುವ ವ್ಯತ್ಯಾಸ ಈ ಕೊನೆಯ ಎರಡರಲ್ಲಿದೆ. ಆದರೆ ಗಾಲಿಕುರ್ಚಿಗೆ ಇದು ಕಷ್ಟ. ಕೋಣೆಯಿಂದ ತಿಂಡಿಗೆ ಹೋಗಲು 150 ಮೀಟರ್ ಕಲ್ಲುಹಾಸು, ಏರು, ಮೆಟ್ಟಿಲು ಬರಬಹುದು. ನಿಮ್ಮ ಗುಂಪಿಗೆ ನನ್ನ ಓಟು ಅಗ್ರಿತುರಿಸ್ಮೊಗೆ.

---

ಇಳಿಜಾರು_ಎಂಟು

ಗಾಲಿಕುರ್ಚಿ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಇಲ್ಲಿ ಎಡವಿದರೆ ಇಡೀ ವಾರ ಹಾಳು.

ಟ್ರುಲ್ಲೊ ಅಂದರೆ ಗಾರೆಯಿಲ್ಲದೆ ಸುಣ್ಣದ ಕಲ್ಲನ್ನು ಸುತ್ತ ಸುತ್ತ ಒಳಕ್ಕೆ ಸರಿಸುತ್ತ ಮೇಲೇರಿಸಿದ ಶಂಕು. ಆ ಭಾರವೆಲ್ಲ ಕೆಳಗಿನ ಗೋಡೆ ಮೇಲೆ, ಅದಕ್ಕೇ ಗೋಡೆ ಒಂದು ಮೀಟರ್‌ಗೂ ಮೀರಿ ದಪ್ಪ ಇರುತ್ತದೆ. ಬಾಗಿಲು ಅನ್ನೋದು ಆ ದಪ್ಪದಲ್ಲಿ ಕೊರೆದ ಕಿರಿದಾದ ಓಣಿ. ಅಗಲ ಮಾಡಲು ಹೋದರೆ ಕಟ್ಟಡದ ಬಲಕ್ಕೇ ಧಕ್ಕೆ, ಅಲ್ಬೆರೊಬೆಲ್ಲೊದ ರಕ್ಷಿತ ವಲಯದಲ್ಲಂತೂ (1996ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ) ಪರಂಪರೆ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಒಳಗೆ ಮಂಚ ಇರುವುದು ಸಾಮಾನ್ಯವಾಗಿ ಗೋಡೆಯ ಗೂಡಿನಲ್ಲಿ, ಮೂರು ಕಡೆ ಕಲ್ಲು. ಪಕ್ಕದಲ್ಲಿ ಕುರ್ಚಿ ನಿಲ್ಲಿಸಿ ಸರಿದುಕೊಳ್ಳಲು ಜಾಗವೇ ಇರಲ್ಲ. ಸ್ನಾನದ ಮನೆ ಇನ್ನೊಂದು ಗೂಡು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಟ್ರುಲ್ಲೊಗಳಿಗೆ ಅಂಟಿಕೊಂಡಂತೆ "ಲಾಮಿಯಾ" ಅನ್ನುವ ಕಮಾನು ಛಾವಣಿಯ ಆಯತಾಕಾರದ ಕೋಣೆ ಇರುತ್ತದೆ. ಮಸ್ಸೆರಿಯಾಗಳಲ್ಲಾದರೆ ಹಳೇ ಕೊಟ್ಟಿಗೆ. ದನ ಹೋಗಿಬರುತ್ತಿದ್ದ ಬಾಗಿಲು ಅಗಲ, ನೆಲ ಅಂಗಳದ ಮಟ್ಟಕ್ಕೇ, ಒಳಗೆ ಕಂಬವಿಲ್ಲದ ವಿಶಾಲ ಜಾಗ. ಕೊಟ್ಟಿಗೆಯನ್ನು ಕೋಣೆ ಮಾಡಿದ ಮನೆ ಸಿಕ್ಕರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಗಾಲಿಕುರ್ಚಿಯವರು ಲಾಮಿಯಾದಲ್ಲಿ, ಮಕ್ಕಳು ಪಕ್ಕದ ಟ್ರುಲ್ಲೊದಲ್ಲಿ. ಎಲ್ಲರೂ ಒಂದೇ ಅಂಗಳ.

ಜಾಹೀರಾತಿನ "ಎಲ್ಲರಿಗೂ ಪ್ರವೇಶಯೋಗ್ಯ" ಅನ್ನುವ ಚಿಹ್ನೆಗೆ ಬೆಲೆ ಕೊಡಬೇಡಿ. ಇಟಲಿಯಲ್ಲಿ 1989ರ 13ನೇ ಕಾನೂನು ಮತ್ತು ಅದೇ ವರ್ಷದ 236ನೇ ಸಚಿವಾಲಯದ ಆದೇಶದಲ್ಲಿ ಸ್ಪಷ್ಟ ಅಳತೆಗಳಿವೆ, ಅವನ್ನೇ ಕೇಳಿ. ಹೊರಬಾಗಿಲ ಖುಲ್ಲಾ ಅಗಲ ಕನಿಷ್ಠ 80 ಸೆಂ.ಮೀ., ಒಳಬಾಗಿಲು 75, ಹೊಸ್ತಿಲು 2.5 ಸೆಂ.ಮೀ. ಮೀರಬಾರದು, ಇಳಿಜಾರು ಶೇ. 8ರೊಳಗೆ, ಅದರ ಅಗಲ ಕನಿಷ್ಠ 90, ಹತ್ತು ಮೀಟರ್‌ಗೊಮ್ಮೆ 1.5 ಮೀಟರ್ ಚೌಕದ ಸಮತಟ್ಟು.

ಮನೆಯವರಿಗೆ "ಟೇಪ್ ಇಟ್ಟು ಫೋಟೊ ಕಳಿಸಿ" ಅನ್ನಿ. ಐದು ಫೋಟೊ ಸಾಕು: ಪೂರ್ತಿ ತೆರೆದ ಹೊರಬಾಗಿಲು, ಹೊಸ್ತಿಲಿನ ಎತ್ತರ, ಹಾಸಿಗೆಯ ಮೇಲ್ಮೈ ಎತ್ತರ (45ರಿಂದ 50 ಸೆಂ.ಮೀ. ಇದ್ದರೆ ಸರಿಯಲು ಸುಲಭ), ಕಮೋಡಿನ ಒಂದು ಪಕ್ಕದ ಖಾಲಿ ಜಾಗ (80 ಬೇಕು), ಶವರ್ ನೆಲ. ಶವರ್‌ಗೆ ಐದು ಸೆಂ.ಮೀ. ಕಟ್ಟೆ ಇದ್ದರೂ ಸ್ನಾನದ ಕುರ್ಚಿ ಒಳಗೆ ಹೋಗಲ್ಲ. ಕಾರು ನಿಲ್ಲುವ ಜಾಗದಿಂದ ಬಾಗಿಲಿನವರೆಗಿನ ನೆಲವನ್ನೂ ತೋರಿಸಲು ಹೇಳಿ. ಇಲ್ಲಿ ಎಲ್ಲರೂ ಸೋಲುತ್ತಾರೆ: ಕೋಣೆ ಚೆನ್ನಾಗಿರುತ್ತೆ, ಆದರೆ ಅಂಗಳದ ತುಂಬ ಜಲ್ಲಿ. ಮುಂದಿನ ಸಣ್ಣ ಚಕ್ರ ಜಲ್ಲಿಯಲ್ಲಿ ಹೂತುಹೋಗುತ್ತದೆ.

ಊರುಗಳ ಬಗ್ಗೆ ಚುಟುಕಾಗಿ. ಒಸ್ತೂನಿ ಹಳೇ ಊರು ಕಡಿದಾದ ಏರು ಮತ್ತು ಮೆಟ್ಟಿಲು, ಗಾಲಿಕುರ್ಚಿಗೆ ಕೆಳಗಿನ ಚೌಕವೇ ಸಾಕು. ಅಲ್ಬೆರೊಬೆಲ್ಲೊದ ಮೊಂಟಿ ಬಡಾವಣೆ ಗುಡ್ಡದ ಮೈಮೇಲಿದೆ. ಎದುರುಗಡೆಯ ಐಯಾ ಪಿಕ್ಕೊಲಾ ಬಡಾವಣೆ ಅದಕ್ಕಿಂತ ಮೇಲು, ಅಂಗಡಿಗಳೂ ಕಡಿಮೆ. ಮಾರ್ಟಿನಾ ಫ್ರಾಂಕಾದಲ್ಲಿ ಡ್ಯೂಕನ ಅರಮನೆಯಿಂದ ಸಾನ್ ಮಾರ್ಟಿನೊ ಚರ್ಚಿನವರೆಗಿನ ಮುಖ್ಯಬೀದಿ ಆರಾಮ. ಎಲ್ಲ ಕಡೆಯೂ ನೆಲ "ಕ್ಯಾಂಕೆ" ಎಂಬ ನುಣುಪು ಸುಣ್ಣಗಲ್ಲು. ಮಳೆ ಬಿದ್ದರೆ ಗಾಜಿನಷ್ಟೇ ಜಾರುತ್ತದೆ. ಹಿರಿಯರಿಗೆ ರಬ್ಬರ್ ಅಟ್ಟೆ ಕಡ್ಡಾಯ.

---

ಬಯಲುಸೀಮೆ_ಬಸ್ಸು

ಒಂದು ಮನೆಯವರು ಅಳತೆ ಕಳಿಸಿದ್ದಾರೆ. ಹೊರಗೆ ಒಂದು ಮೆಟ್ಟಿಲು 18 ಸೆಂ.ಮೀ., ಅದಕ್ಕೆ 1.2 ಮೀಟರ್ ಉದ್ದದ ಹಲಗೆ ಹಾಕ್ತೀವಿ ಅಂತಾರೆ. ಬಾಗಿಲ ಚೌಕಟ್ಟು 76. ಆಗುತ್ತಾ?

---

ಇಳಿಜಾರು_ಎಂಟು

ಹಲಗೆ ಆಗಲ್ಲ. 18 ಅನ್ನು 120ರಿಂದ ಭಾಗಿಸಿದರೆ ಶೇ. 15 ಇಳಿಜಾರು. ಹಿಂದಿನಿಂದ ತಳ್ಳುವವರಿದ್ದರೂ ಇಳಿಯುವಾಗ ಕುರ್ಚಿ ಮುಂದಕ್ಕೆ ಎಳೆಯುತ್ತದೆ. ಶೇ. 8ಕ್ಕೆ ತರಲು 2.25 ಮೀಟರ್ ಬೇಕು. ಹಳೇ ಕಟ್ಟಡ ಸರಿಪಡಿಸುವಾಗ ಚಿಕ್ಕ ಉದ್ದಕ್ಕೆ ಶೇ. 12ರವರೆಗೂ ಬಿಡುತ್ತಾರೆ, ಅದಕ್ಕೂ 1.5 ಮೀಟರ್ ಆಗಲೇಬೇಕು. ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಬಾಡಿಗೆಗೆ ತರಿಸಲು ಕೇಳಿ, ಆಸ್ಪತ್ರೆ ಸಾಮಾನು ಮಾರುವ "ಸಾನಿತಾರಿಯಾ" ಅಂಗಡಿಗಳಲ್ಲಿ ವಿಚಾರಿಸಲಿ. ಎರಡು ಬದಿಗೂ ಅಂಚು ಇರಬೇಕು, ಬರೀ ಮರದ ಹಲಗೆ ಬೇಡ.

76 ಚೌಕಟ್ಟಿನ ಅಳತೆ, ಖುಲ್ಲಾ ಅಗಲ ಅಲ್ಲ. ಬಾಗಿಲು 90 ಡಿಗ್ರಿ ತೆರೆದಾಗ ಅದರ ದಪ್ಪವೇ 4-5 ಸೆಂ.ಮೀ. ತಿನ್ನುತ್ತದೆ, ಉಳಿದದ್ದು 71-72. ನಿಮ್ಮ ಕುರ್ಚಿ 64. ಯಾರಾದರೂ ತಳ್ಳಿದರೆ ನೇರವಾಗಿ ಹೋಗುತ್ತದೆ. ಅವರೇ ಚಕ್ರ ತಿರುಗಿಸಿಕೊಂಡು ಹೋಗುವುದಾದರೆ ಎರಡೂ ಬದಿಗೆ ನಾಲ್ಕೇ ಸೆಂ.ಮೀ., ಗೆಣ್ಣು ಕಲ್ಲಿಗೆ ತಾಗುತ್ತದೆ. ಬಾಗಿಲು ದಾಟಿದ ತಕ್ಷಣ ತಿರುವು ಇದೆಯಾ ಕೇಳಿ. ದಪ್ಪ ಗೋಡೆಯ ಓಣಿಯೊಳಗೆ ತಿರುಗಿಸಲು ಆಗಲ್ಲ, ದಾಟಿದ ಮೇಲೆ 1.5 ಮೀಟರ್ ವೃತ್ತದಷ್ಟು ಖಾಲಿ ಬೇಕು. ಅದಿಲ್ಲದಿದ್ದರೆ ಈ ಮನೆ ಕೈಬಿಡಿ.

---

ಸಾರು_ಸೊಪ್ಪು

ಊಟದ ಚಿಂತೆ ಬೇಡ, ಆದರೆ ಎಚ್ಚರ ಬೇಕು. ಪುಲಿಯಾದ ಹಳ್ಳಿ ಅಡುಗೆ ಬಡವರ ಅಡುಗೆ. ಕಾಳು, ಸೊಪ್ಪು, ಗೋಧಿ, ಆಲಿವ್ ಎಣ್ಣೆ. ಸಿಪ್ಪೆ ತೆಗೆದ ಒಣ ಫಾವಾ ಕಾಳನ್ನು ಬೇಯಿಸಿ ಮಸೆದು, ಪಕ್ಕದಲ್ಲಿ ಕಹಿ ಚಿಕೋರಿ ಸೊಪ್ಪು ಇಟ್ಟು ಹಸಿ ಎಣ್ಣೆ ಸುರಿದು ಕೊಡುವ "ಫಾವೆ ಎ ಚಿಕೋರಿಯಾ" ಮುದ್ದೆ-ಬಸ್ಸಾರು ತಿಂದವರ ನಾಲಿಗೆಗೆ ಪರಕೀಯ ಅನ್ನಿಸಲ್ಲ. ಕಡಲೆ ಜೊತೆ ಹಿಟ್ಟಿನ ಪಟ್ಟಿ ಬೇಯಿಸುವ "ಚಿಚೆರಿ ಎ ತ್ರಿಯಾ", ಎರಡು ಸಲ ಸುಟ್ಟ ಗಟ್ಟಿ ರೊಟ್ಟಿ "ಫ್ರಿಸೆಲ್ಲೆ" (ನೀರಲ್ಲಿ ಅದ್ದಿ ಟೊಮೇಟೊ ಹಾಕಿ ತಿನ್ನುವುದು) ಎಲ್ಲವೂ ನಡೆಯುತ್ತವೆ.

ಆದರೆ ಫಾವಾ ಕಾಳಿನ ಬಗ್ಗೆ ಒಂದು ಗಂಭೀರ ಮಾತು: ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಇದು ರಕ್ತಕಣ ಒಡೆಯುವಂತೆ ಮಾಡುತ್ತದೆ. ಈ ಕೊರತೆ ಮೆಡಿಟರೇನಿಯನ್ ಸುತ್ತಲೂ ಇದೆ, ನಮ್ಮ ದೇಶದಲ್ಲೂ ಇದೆ, ಗಂಡು ಮಕ್ಕಳಲ್ಲಿ ಹೆಚ್ಚು. ಕುಟುಂಬದಲ್ಲಿ ಯಾರಿಗಾದರೂ ಇದ್ದರೆ ಹೊರಡುವ ಮುಂಚೆ ಮಕ್ಕಳ ರಕ್ತಪರೀಕ್ಷೆ ಮಾಡಿಸಿ.

ಅಡಗಿ ಕೂತ ಮಾಂಸ-ಮೀನು: ಒರೆಕ್ಯೆತ್ತೆ ಪಾಸ್ತಾಗೆ ಟರ್ನಿಪ್ ಸೊಪ್ಪು ಹಾಕಿದ್ದು ಪೂರ್ತಿ ಸಸ್ಯಾಹಾರ ಅನ್ನಿಸುತ್ತದೆ, ಒಗ್ಗರಣೆಯಲ್ಲಿ ಆಂಚೊವಿ ಮೀನು ಕರಗಿರುತ್ತದೆ. "ಸೆನ್ತ್ಸಾ ಆಚ್ಚೂಗೆ" (ಆಂಚೊವಿ ಬೇಡ) ಅಂತ ಮೊದಲೇ ಹೇಳಿ. ತರಾಲ್ಲಿ ಎಂಬ ಕೋಡುಬಳೆ ತರಹದ ತಿಂಡಿ ಹೆಚ್ಚಾಗಿ ಆಲಿವ್ ಎಣ್ಣೆಯದು, ಕೆಲವರು ಹಂದಿ ಕೊಬ್ಬು ಹಾಕ್ತಾರೆ, "ಸ್ತ್ರುತ್ತೊ" ಇದೆಯಾ ಕೇಳಿ. ಕಾಚೊಕವಾಲ್ಲೊ, ಪೆಕೊರಿನೊ ತರಹದ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಯಲು ಕರು ಅಥವಾ ಕುರಿಮರಿ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆ. ಅದು ಬೇಡ ಅನ್ನುವವರು "ಕಾಲ್ಯೊ ವೆಜೆತಾಲೆ" ಅಂತ ಬರೆದದ್ದನ್ನೇ ಕೊಳ್ಳಿ.

ಚಿಸ್ಟೆರ್ನಿನೊ ಪ್ರಸಿದ್ಧವಾಗಿರುವುದೇ ಕಟುಕರ ಅಂಗಡಿಯಲ್ಲಿ ಆರಿಸಿದ ಮಾಂಸವನ್ನು ಅಲ್ಲೇ ಸುಟ್ಟು ಕೊಡುವುದಕ್ಕೆ, ಸಂಜೆ ಊರೆಲ್ಲ ಅದೇ ವಾಸನೆ. ಆದರೆ ಅದೇ ಊರಿನ ಹೊರಗೆ 1979ರಲ್ಲಿ ಛಾಯಾಗ್ರಾಹಕಿ ಲಿಸೆತ್ತಾ ಕಾರ್ಮಿ ಹೈಡಾಖಾನ್ ಬಾಬಾಜಿ ಹೆಸರಲ್ಲಿ ಶುರು ಮಾಡಿದ ಭೋಲೇಬಾಬಾ ಆಶ್ರಮ ಇವತ್ತಿಗೂ ಇದೆ. ಹಾಗಾಗಿ ಆ ಸುತ್ತಿನವರಿಗೆ "ಮಾಂಸವೂ ಇಲ್ಲ, ಮೀನೂ ಇಲ್ಲ" ಅನ್ನುವವರು ಹೊಸಬರಲ್ಲ.

---

ಪಾಗಾರದ_ಕಲ್ಲು

ಯಾರೂ ನೀರಿನ ಮಾತೇ ಎತ್ತಲಿಲ್ಲ. ಪುಲಿಯಾದ ಈ ಭಾಗ ಬಿರುಕುಬಿಟ್ಟ ಸುಣ್ಣಗಲ್ಲು, ಬಿದ್ದ ಮಳೆ ನೇರ ಕೆಳಗಿಳಿಯುತ್ತದೆ, ಮೇಲೆ ನದಿಯೇ ಇಲ್ಲ. ಟ್ರುಲ್ಲೊದ ಛಾವಣಿ ನೀರು ಅಡಿಯ ತೊಟ್ಟಿಗೆ ಇಳಿಯುವುದು ಅದಕ್ಕೇ. ಕುಡಿಯುವ ನೀರು ಪಕ್ಕದ ಕಂಪಾನಿಯಾದ ಕಪೊಸೆಲೆ ಚಿಲುಮೆಗಳಿಂದ ಬಂದದ್ದು, 1906ರಲ್ಲಿ ಕೆಲಸ ಶುರುವಾದ ಕಾಲುವೆ 1915ರಲ್ಲಿ ಬಾರಿ ನಗರ ಮುಟ್ಟಿತು. ಆದರೆ ಊರಾಚೆಯ ಚದುರಿದ ಮನೆಗಳಿಗೆ ಎಲ್ಲ ಕಡೆ ಕೊಳವೆ ಇಲ್ಲ. ಅಲ್ಲಿ ತೊಟ್ಟಿ, ತೊಟ್ಟಿಗೆ ಟ್ಯಾಂಕರ್.

ಲೆಕ್ಕ ನೋಡಿ. ತಲೆಗೆ 150 ಲೀಟರ್ ಅಂದರೂ ಎಂಟು ಜನಕ್ಕೆ ದಿನಕ್ಕೆ 1,200. ಹತ್ತು ಸಾವಿರ ಲೀಟರ್ ಟ್ಯಾಂಕರ್ ಎಂಟು ದಿನಕ್ಕೆ ಖಾಲಿ. 8 ಮೀಟರ್ ಉದ್ದ, 4 ಅಗಲ, 1.4 ಆಳದ ಈಜುಕೊಳ ತುಂಬಲು ಸುಮಾರು 45,000 ಲೀಟರ್, ದಿನಕ್ಕೆ ಐದು ಮಿ.ಮೀ. ಆವಿಯಾದರೂ 160 ಲೀಟರ್ ಗಾಳಿಗೆ. ಅಕ್ಟೋಬರ್‌ನಲ್ಲಿ ಆ ಕೊಳದಲ್ಲಿ ಇಳಿಯುವವರು ಯಾರು? ಕೊಳವಿಲ್ಲದ ಮನೆ ಹಿಡಿಯಿರಿ, ಬಾಡಿಗೆಯೂ ಇಳಿಯುತ್ತದೆ. ಬುಕ್ ಮಾಡುವಾಗ ನೀರು ಕೊಳವೆಯದಾ, ತೊಟ್ಟಿಯದಾ ಕೇಳಿ, ತೊಟ್ಟಿಯದಾದರೆ ಕುಡಿಯಲು ಬೇರೆ ತಂದುಕೊಳ್ಳಬೇಕು. ಸೆಪ್ಟಿಕ್ ತೊಟ್ಟಿಗೆ ಒದ್ದೆ ಟಿಶ್ಯೂ, ಡೈಪರ್ ಹಾಕಬೇಡಿ. ಕಟ್ಟಿಕೊಂಡರೆ ಭಾನುವಾರ ಯಾರೂ ಬರಲ್ಲ.

ಟ್ರುಲ್ಲೊದೊಳಗೆ ತೇವ ಸಹಜ. ಬಟ್ಟೆ ಒಳಗೆ ಒಣಹಾಕಬೇಡಿ, ಸ್ನಾನವಾದ ಮೇಲೆ ಕಿಟಕಿ ತೆರೆಯಿರಿ. ಮನೆ ಆರಿಸುವಾಗ ಗೋಡೆಯ ಫೋಟೊ ನೋಡಿ: ಸುಣ್ಣ ಬಳಿದದ್ದಾದರೆ ಮಬ್ಬು ಬಿಳುಪು, ಪ್ಲಾಸ್ಟಿಕ್ ಪೇಂಟ್ ಆದರೆ ಮಿನುಗು, ಕೆಳಗಡೆ ಗುಳ್ಳೆ ಎದ್ದು ಪುಡಿ ಉದುರಿರುತ್ತದೆ. ಛಾವಣಿಯ ತೆಳು ಚಪ್ಪಡಿಗಳನ್ನು ಹೊರಕ್ಕೆ ಓರೆಯಾಗಿ ಒಣದಾಗಿಯೇ ಜೋಡಿಸಬೇಕು, ಸಂದಿಗೆ ಸಿಮೆಂಟ್ ತುಂಬಿದರೆ ಅದು ಬಿರುಕುಬಿಟ್ಟು ನೀರನ್ನು ಒಳಗೇ ಹಿಡಿದಿಡುತ್ತದೆ. ಸಿಮೆಂಟ್ ಮೆತ್ತಿದ ಶಂಕು ಕಂಡರೆ ಒಳಗೆ ಬೂಷ್ಟು ಇದೆ ಅಂತಲೇ ಲೆಕ್ಕ.

ಹೊಲದ ಪಾಗಾರಗಳ ಮೇಲೆ ಮಕ್ಕಳು ಹತ್ತದಂತೆ ನೋಡಿಕೊಳ್ಳಿ. 2018ರಲ್ಲಿ ಇಟಲಿ, ಗ್ರೀಸ್, ಸೈಪ್ರಸ್, ಕ್ರೊಯೇಷಿಯಾ ಸೇರಿ ಎಂಟು ದೇಶಗಳ ಹೆಸರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ, ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವ ಕಸುಬು ಇದು. ಕೆಳಗೆ ದೊಡ್ಡ ಕಲ್ಲು, ಎರಡು ಮುಖ ಒಳಕ್ಕೆ ವಾಲಿಸಿ, ನಡುವೆ ಚಿಕ್ಕ ಕಲ್ಲು ಕೈಯಿಂದ ಒಂದೊಂದಾಗಿ ಬಿಗಿದು, ಮೇಲೆ ಭಾರದ ಚಪ್ಪಡಿ. ಪ್ರತಿ ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು, ಕೆಳಗಿನ ಸಂದಿಯನ್ನು ಮೇಲಿನ ಕಲ್ಲು ಮುಚ್ಚಬೇಕು. ಅಂದ ಕಾಣಲಿ ಅಂತ ಕಲ್ಲನ್ನು ಅಡ್ಡಕ್ಕೆ ಮಲಗಿಸಿ, ನಡುವೆ ಮಣ್ಣು ಸುರಿದರೆ ಮಳೆಗೆ ಮಣ್ಣು ಉಬ್ಬಿ ಹೊಟ್ಟೆ ಬಂದು ಕುಸಿಯುತ್ತದೆ. ಮೇಲಿನ ಚಪ್ಪಡಿ ಒಂದು ಜಾರಿದರೂ ಅಲ್ಲಿಂದಲೇ ಬಿಚ್ಚಿಕೊಳ್ಳಲು ಶುರು. ಅರ್ಧ ದಿನ ಗೋಡೆ ಕಟ್ಟುವುದನ್ನು ಕಲಿಸುವ ಮೇಸ್ತ್ರಿ ಇದ್ದಾರಾ ಅಂತ ಮನೆಯವರನ್ನು ಕೇಳಿ, ಸಂಬಳ ನೇರ ಅವರ ಕೈಗೆ ಕೊಡಿ. ಕೂತು ಚಿಕ್ಕ ಕಲ್ಲು ಆರಿಸಿ ಕೊಡುವ ಕೆಲಸ ಗಾಲಿಕುರ್ಚಿಯವರೂ ಮಾಡಬಹುದು, ಅದೂ ಗೋಡೆಗೆ ಬೇಕಾದ ಕೆಲಸವೇ.

ಆಲಿವ್ ಕೊಯ್ಲು ಆಗ ಶುರುವಾಗಿರಬಹುದು. ಒಸ್ತೂನಿ-ಫಸಾನೊ-ಮೊನೊಪೊಲಿ ಬಯಲಿನ ಪುರಾತನ ಮರಗಳಿಗೆ 2007ರ ಪ್ರಾದೇಶಿಕ ಕಾನೂನಿನ ರಕ್ಷಣೆ ಇದೆ, ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ ಕಾಂಡದ ವ್ಯಾಸ ಒಂದು ಮೀಟರ್ ಇರುವುದು ಅದರ ಒಂದು ಅಳತೆಗೋಲು. ಆ ಬಯಲಿಗೂ ಈಗ ಕ್ಸೈಲೆಲ್ಲಾ ಬ್ಯಾಕ್ಟೀರಿಯಾ ಬಂದಿದೆ. 2013ರಲ್ಲಿ ಗಲ್ಲಿಪೊಲಿ ಬಳಿ ಪತ್ತೆಯಾಗಿ ಉತ್ತರಕ್ಕೆ ಸರಿದದ್ದು. ರಸ ಹೀರುವ ನೊರೆಹುಳು ಅದನ್ನು ಹೊತ್ತೊಯ್ಯುತ್ತದೆ, ಮರ ತುದಿಯಿಂದ ಒಣಗುತ್ತ ಬರುತ್ತದೆ. ನೆನಪಿಗೆ ಅಂತ ಆಲಿವ್, ಕಣಗಿಲೆ ಕಡ್ಡಿ ಮುರಿದು ತರಬೇಡಿ. ಗಾಣ ನೋಡುವುದಾದರೆ ನೆಲದಡಿಯ ಹಳೇ ಗಾಣಕ್ಕೆ ಮೆಟ್ಟಿಲುಗಳು, ಈಗ ಎಣ್ಣೆ ತೆಗೆಯುವ ಹೊಸ ಗಾಣ ಹೆಚ್ಚಾಗಿ ನೆಲಮಟ್ಟದಲ್ಲೇ ಇರುತ್ತದೆ. ಮಳೆ ಬಂದ ಮಾರನೇ ದಿನ ತೋಟದ ಕೆಂಪು ಮಣ್ಣಿಗೆ ಕುರ್ಚಿ ಇಳಿಸಬೇಡಿ.

---

ಪ್ಲಾಟ್‌ಫಾರಂ_ನಾಲ್ಕು

ಓಡಾಟ. ಬಾರಿ-ಮೊನೊಪೊಲಿ-ಫಸಾನೊ-ಒಸ್ತೂನಿ-ಬ್ರಿಂಡಿಸಿ ಕರಾವಳಿ ಮಾರ್ಗದಲ್ಲಿ ರೈಲು ಚೆನ್ನಾಗಿದೆ. ಗಾಲಿಕುರ್ಚಿ ಹತ್ತಿಸುವ ನೆರವಿಗೆ "ಸಾಲಾ ಬ್ಲೂ" ಸೇವೆಯನ್ನು ಮೊದಲೇ ಬುಕ್ ಮಾಡಬೇಕು, ಎಲ್ಲ ನಿಲ್ದಾಣದಲ್ಲೂ ಇಲ್ಲ, ಪಟ್ಟಿ ನೋಡಿ. ಒಸ್ತೂನಿ ನಿಲ್ದಾಣ ಊರಿಂದ ಕೆಳಗೆ ದೂರದಲ್ಲಿದೆ. ಕಣಿವೆಯೊಳಗಿನ ಊರುಗಳನ್ನು ಜೋಡಿಸುವುದು ಸುದ್-ಎಸ್ತ್ ರೈಲು, ಭಾನುವಾರ-ರಜಾದಿನ ಅದನ್ನು ನಂಬಿ ಕೂರಬೇಡಿ, ದುರಸ್ತಿ ಇದ್ದಾಗ ರೈಲಿನ ಬದಲು ಬಸ್ ಬಿಡುತ್ತಾರೆ, ಬಸ್ಸಿಗೆ ಕುರ್ಚಿ ಹತ್ತುವ ಖಾತ್ರಿ ಇಲ್ಲ. ನಿಮ್ಮ ಗುಂಪಿಗೆ ಒಂಬತ್ತು ಸೀಟಿನ ವ್ಯಾನ್ ಬೇಕು. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಇರಲೇಬೇಕು. ಹಳೇ ಊರೊಳಗೆ ಜೆಡ್.ಟಿ.ಎಲ್. (ವಾಹನ ನಿರ್ಬಂಧಿತ ವಲಯ) ಫಲಕ ಕಂಡರೆ ನುಗ್ಗಬೇಡಿ, ಕ್ಯಾಮೆರಾ ಇದೆ, ದಂಡ ಬಾಡಿಗೆ ಕಂಪನಿ ಮೂಲಕ ತಿಂಗಳುಗಳ ನಂತರ ಬರುತ್ತದೆ. ವಿಮಾನದಲ್ಲಿ ಕುರ್ಚಿಯ ನೆರವು ಬೇಕೆಂದು 48 ಗಂಟೆ ಮುಂಚೆ ಏರ್‌ಲೈನ್‌ಗೆ ತಿಳಿಸಿ.

ಒಂದು ಮಧ್ಯಾಹ್ನ ಚಿಸ್ಟೆರ್ನಿನೊ ಬಳಿಯ ಫಿಗಾತ್ಸಾನೊ ಕಡೆಯಿಂದ ಚೆಲ್ಯೆ ಮೆಸ್ಸಾಪಿಕಾ ದಿಕ್ಕಿಗೆ ಹೋಗುವ ಕಾಲುವೆ ದಾರಿಗೆ ಇಡಿ. ಮೇಲೆ ಹೇಳಿದ ಕಪೊಸೆಲೆ ನೀರಿನ ಕಾಲುವೆಯ ನಿರ್ವಹಣಾ ರಸ್ತೆ ಅದು, ಈಗ ಸೈಕಲ್ ಹಾದಿ, ಕಾರಿಲ್ಲ, ಹೆಚ್ಚುಕಡಿಮೆ ಸಮತಟ್ಟು. ಡಾಂಬರಲ್ಲ, ಬಿಗಿದ ಮಣ್ಣು. ಒಳಗೆ ಸೇರುವ ಕಡೆ ವಾಹನ ತಡೆಯುವ ಕಂಬಗಳಿದ್ದರೆ ಅವುಗಳ ನಡುವಿನ ಅಂತರ ಮೊದಲು ನೋಡಿಕೊಳ್ಳಿ.

---

ತಿಳಿನೀಲಿ

ಅಲ್ಬೆರೊಬೆಲ್ಲೊ ಬಿಟ್ಟುಬಿಡಿ ಅಂತ ಹೇಳುವುದು ಫ್ಯಾಷನ್ ಆಗಿದೆ. ನಾನು ಒಪ್ಪಲ್ಲ. ತೊಂದರೆ ಕೊಡುವುದು ಹತ್ತರಿಂದ ನಾಲ್ಕರವರೆಗೆ ಬಸ್ಸಿಂದ ಇಳಿದು ಮೊಂಟಿಯ ಒಂದೇ ಬೀದಿಯಲ್ಲಿ ಸಾಲುಗಟ್ಟಿ, ಮ್ಯಾಗ್ನೆಟ್ ಕೊಂಡು ಹೋಗುವ ಪದ್ಧತಿ. ಮೊಂಟಿಯೊಂದರಲ್ಲೇ ಸಾವಿರಕ್ಕೂ ಹೆಚ್ಚು ಟ್ರುಲ್ಲೊಗಳಿವೆ, ಎಷ್ಟೋ ಅಂಗಡಿಯಾಗಿವೆ. ನೀವು ಸಂಜೆ ಐದರ ನಂತರ ಹೋಗಿ, ಐಯಾ ಪಿಕ್ಕೊಲಾ ಸುತ್ತಿ, ಅಲ್ಲೇ ಊಟ ಮಾಡಿ. ಬಟ್ಟೆ ಒಣಹಾಕಿದ ಮನೆ ಕಂಡರೆ ಅಲ್ಲಿ ಜನ ಬದುಕ್ತಿದ್ದಾರೆ ಅಂತ, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ.

ಇನ್ನೊಂದು ವಿಷಯ. ಇಲ್ಲಿಯ ಉತ್ತರಗಳೆಲ್ಲ ಅತಿಥಿಗೆ ಬಾಗಿಲು ಅಗಲ ಇದೆಯಾ ಅನ್ನೋದರ ಬಗ್ಗೆ. ಎಲ್ಲರನ್ನೂ ಒಳಗೊಳ್ಳುವುದು ಅಂದರೆ ದುಡಿಯುವವರ ಮಾತೂ ಬರಬೇಕು. ಪುಲಿಯಾದ ಹೊಲಗಳಲ್ಲಿ ದಲ್ಲಾಳಿಗಳು ಕೂಲಿಯವರನ್ನು ಲಾರಿಗಟ್ಟಲೆ ತಂದು ಕೂಲಿಯಲ್ಲಿ ಮುರಿದುಕೊಳ್ಳುವ "ಕಪೊರಲಾತೊ" ದೊಡ್ಡ ಪಿಡುಗು, ಅದಕ್ಕೆಂದೇ 2016ರಲ್ಲಿ 199ನೇ ಕಾನೂನು ಬಂತು. ಹಾಗಾಗಿ ಸಹಕಾರ ಸಂಘಗಳನ್ನು ಹುಡುಕಿ. 1991ರ 381ನೇ ಕಾನೂನಿನ "ಬಿ" ವರ್ಗದ ಸಾಮಾಜಿಕ ಸಹಕಾರಿಯಲ್ಲಿ ಅಂಗವೈಕಲ್ಯ ಅಥವಾ ಬೇರೆ ಕಾರಣಕ್ಕೆ ಕೆಲಸ ಸಿಗದವರು ಕನಿಷ್ಠ ಶೇ. 30 ಇರಬೇಕು. 2015ರ 141ನೇ ಕಾನೂನು ಇದನ್ನೇ ಬೇಸಾಯಕ್ಕೂ ತಂದಿತು. ಬ್ರಿಂಡಿಸಿ ಬಳಿಯ ಮೆಸಾನ್ಯೆಯಲ್ಲಿ 2008ರಿಂದ ತೆರ್ರೆ ದಿ ಪುಲಿಯಾ–ಲಿಬೆರಾ ತೆರ್ರಾ ಸಹಕಾರಿ ಮಾಫಿಯಾದಿಂದ ಸರ್ಕಾರ ಮುಟ್ಟುಗೋಲು ಹಾಕಿಕೊಂಡ ಜಮೀನಿನಲ್ಲಿ ಬೇಸಾಯ ಮಾಡುತ್ತಿದೆ. ದಕ್ಷಿಣಕ್ಕೆ ಮೆಲ್ಪಿನ್ಯಾನೊದಲ್ಲಿ 2011ರಲ್ಲಿ ಊರವರೇ ಸೇರಿ ಸಮುದಾಯ ಸಹಕಾರಿ ಕಟ್ಟಿ ಮನೆ ಛಾವಣಿಗಳ ಮೇಲೆ ಸೌರ ಫಲಕ ಹಾಕಿಸಿದರು. ಅದಾದ ಮೇಲೆ 2014ರಲ್ಲಿ ಪುಲಿಯಾ ಇಂಥ ಸಂಘಗಳಿಗೆಂದೇ ಕಾನೂನು ಮಾಡಿತು. ಎಣ್ಣೆ, ಟೊಮೇಟೊ, ಪಾಸ್ತಾ ಕೊಳ್ಳುವುದಿದ್ದರೆ ಇಂಥವರ ಹತ್ತಿರ ಕೊಳ್ಳಿ. ಒಂದು ಲೀಟರ್ ಎಣ್ಣೆಗೆ ಆರೇಳು ಕೆ.ಜಿ. ಕಾಯಿ ಬೇಕು. ಅದನ್ನು ಕೊಯ್ದ ಕೂಲಿ ಸೇರಿದರೂ ಬೆಲೆ ತೀರ ಅಗ್ಗ ಅಂತ ಅನ್ನಿಸಿದರೆ ಕೂಲಿ ಯಾರೋ ಬಿಟ್ಟುಕೊಟ್ಟಿದ್ದಾರೆ.

---

ಬಯಲುಸೀಮೆ_ಬಸ್ಸು

ಎಲ್ಲರಿಗೂ ಥ್ಯಾಂಕ್ಸ್. ಬಾಗಿಲು ದಾಟಿದ ಕೂಡಲೇ ತಿರುವು ಇದೆಯಂತೆ, ಆ ಮನೆ ಕೈಬಿಟ್ಟೆ. ಕೊಟ್ಟಿಗೆಯನ್ನು ಕೋಣೆ ಮಾಡಿದ ಇನ್ನೊಂದು ಅಗ್ರಿತುರಿಸ್ಮೊ ಸಿಕ್ಕಿದೆ: ಬಾಗಿಲು 110, ಹೊಸ್ತಿಲು 2. ಶೇ. 30 ಮುಂಗಡ ಬ್ಯಾಂಕಿಗೆ ಹಾಕಿ ಅಂತಾರೆ. ವೀಸಾ ಆಗದಿದ್ದರೆ?

---

ಸುಣ್ಣದ_ಗೋಡೆ

ಯಾವ ಬಗೆಯ ಮುಂಗಡ ಅಂತ ಬರಹದಲ್ಲಿ ಪಡೆಯಿರಿ. "ಕಪಾರ್ರಾ ಕೊನ್ಫಿರ್ಮಾತೋರಿಯಾ" ಆದರೆ ನೀವು ತಪ್ಪಿದಾಗ ಅದು ಅವರಿಗೆ, ಅವರು ತಪ್ಪಿದರೆ ದುಪ್ಪಟ್ಟು ವಾಪಸ್, ಸಿವಿಲ್ ಸಂಹಿತೆಯ 1385ನೇ ಕಲಂ. ಬರೀ "ಅಕ್ಕೊಂತೊ" ಆದರೆ ಅದು ಬೆಲೆಯ ಒಂದು ಭಾಗ ಅಷ್ಟೆ. ಎರಡರಲ್ಲೂ "ವೀಸಾ ನಿರಾಕರಣೆ ಪತ್ರ ಕಳಿಸಿದರೆ ಇಂತಿಷ್ಟು ದಿನ ಮುಂಚಿನವರೆಗೆ ಪೂರ್ತಿ ವಾಪಸ್" ಅನ್ನುವ ಒಂದು ಸಾಲು ಸೇರಿಸಲು ಕೇಳಿ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕೊನೇ ಗಡುವು 15 ದಿನ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, ಕೆಲವೊಮ್ಮೆ 45. ನೀವು ಜುಲೈ ಮುಗಿಯುವುದರೊಳಗೆ ಹಾಕಿ. ಅರ್ಜಿಗೆ ಬೇಕಾದ ವಸತಿ ಪತ್ರದಲ್ಲಿ ಎಂಟೂ ಜನರ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರಲಿ, ಸಣ್ಣ ರೈತರ ಮನೆಯವರು ಬುಕ್ ಮಾಡಿದವರ ಒಬ್ಬರ ಹೆಸರಲ್ಲೇ ಕಳಿಸಿಬಿಡುತ್ತಾರೆ. ವೀಸಾಗೆ ಬೇಕಾದ 30,000 ಯೂರೊ ವಿಮೆಯಲ್ಲಿ ಗಾಲಿಕುರ್ಚಿ ಕಳೆದರೆ, ಮುರಿದರೆ ಏನು ಅನ್ನುವುದು ಸೇರಿರಲ್ಲ, ಅದನ್ನು ಬೇರೆಯಾಗಿ ಕೇಳಿ.